ನೀವು ಮಾರಿದ್ದು ರೈಫಲ್ಲೂ ಅಲ್ಲ, ಖಾಲಿಯೂ ಅಲ್ಲ

ಗೆ,
ಮಾಲೀಕರು,
ಬಂದೂಕಿನ ಅಂಗಡಿ, ಹುಬ್ಬಳ್ಳಿ

ವಿಷಯ: ಸೆಕೆಂಡ್ ಹ್ಯಾಂಡ್ ಕೇಪಿನ ಬಂದೂಕನ್ನು ಒಳಗೆ ಮದ್ದು ಇರುವಾಗಲೇ ಮಾರಿದ ಬಗ್ಗೆ

ಮಾನ್ಯರೇ,

ನಾಲ್ಕು ಸಲ ಫೋನ್ ಮಾಡಿದೆ. ಎರಡು ಸಲ "ಸಾಹೇಬ್ರು ಊಟಕ್ಕ ಹೋಗ್ಯಾರ್ರಿ" ಅಂದರು. ಒಂದು ಸಲ ಯಾರೂ ಎತ್ತಲಿಲ್ಲ. ಕೊನೆಯ ಸಲ ನಾನು ಮಾತಾಡುತ್ತಿರುವಾಗಲೇ ಇಟ್ಟುಬಿಟ್ಟರು. ಅದಕ್ಕೇ ಈಗ ಸ್ಪೀಡ್ ಪೋಸ್ಟ್.

ನಾನು ಶಿಗ್ಗಾವಿ ತಾಲೂಕಿನ ರೈತ. ಗೋವಿನಜೋಳ ತೆನೆ ಕಟ್ಟಿತು ಅಂದರೆ ಸಾಕು, ರಾತ್ರಿ ಹಂದಿ ಹಿಂಡು ಹೊಲಕ್ಕೆ ನುಗ್ಗುತ್ತದೆ. ಸದ್ದು ಮಾಡಿ ಓಡಿಸಬೇಕು. ಅಪ್ಪನ ಕಾಲದಿಂದಲೂ ಬೆಳೆ ಕಾಯಲು ಒಂಟಿ ನಳಿಗೆಯ ಎಂ.ಎಲ್., ಅಂದರೆ ಮುಂದಿನಿಂದ ಮದ್ದು ತುಂಬುವ, ಬಂದೂಕಿನ ಲೈಸೆನ್ಸ್ ನಮ್ಮ ಮನೆಯಲ್ಲಿದೆ. 2024ರಲ್ಲಿ ನಮಗೆ ಲೋಕಸಭೆ ಒಂದು, ಉಪಚುನಾವಣೆ ಒಂದು. ಎರಡು ಸಲವೂ ಬಂದೂಕನ್ನು ಠಾಣೆಯಲ್ಲಿ ಜಮಾ ಮಾಡಿ, ವಾಪಸ್ ತಂದು, ಎಣ್ಣೆ ಒರೆಸಿ ಇಟ್ಟವನು ನಾನು. ಕೊನೆಗೆ, ಕಿಡಿ ಕೊಡುವ ಕೇಪ್ ಸಿಕ್ಕಿಸುವ ನಿಪ್ಪಲ್ ಕೂರುವ ಜಾಗವೇ ಸವೆದುಹೋಯಿತು. ವಯಸ್ಸಾಗಿತ್ತು, ಯಾರ ತಪ್ಪೂ ಅಲ್ಲ. ಅದನ್ನು ಲೈಸೆನ್ಸಿನಿಂದ ತೆಗೆಸಿ, ಬೇರೆಯದಕ್ಕೆ ಅನುಮತಿ ಪಡೆದು ನಿಮ್ಮಲ್ಲಿಗೆ ಬಂದೆ.

"ಬ್ರಿಟಿಷರ ಕಾಲದ ಎನ್‌ಫೀಲ್ಡ್ ರೈಫಲ್ ರೀ ಇದು, ಸಿಗೂದಿಲ್ಲ" ಅಂದಿರಿ. 18,500 ರೂಪಾಯಿ ಎಣಿಸಿದೆ. ಬಿಲ್ಲಿನಲ್ಲೂ "ರೈಫಲ್" ಅಂತಲೇ ಬರೆದಿರಿ. ರೈಫಲ್ ಅಂದರೆ ನಳಿಗೆಯ ಒಳಗೆ ಸುರುಳಿ ಗೀರು ಇರಬೇಕು. 1853ರ ಎನ್‌ಫೀಲ್ಡ್‌ನ ನಳಿಗೆ 39 ಇಂಚು, ಒಳಗೆ ಮೂರು ಗೀರು. ನೀವು ಕೊಟ್ಟದ್ದು 36 ಇಂಚು, ಒಳಗೆ ತುಕ್ಕು ಬಿಟ್ಟರೆ ಏನೂ ಇಲ್ಲ. ಬಾಯಿಗೆ ಕಿರುಬೆರಳು ಹಾಕಿದರೆ ಮಕ್ಕಳಿಗೂ ಗೊತ್ತಾಗುತ್ತದೆ. ಲೈಸೆನ್ಸಿನಲ್ಲಿ ಎಂ.ಎಲ್. ಗನ್, ಬಿಲ್ಲಿನಲ್ಲಿ ರೈಫಲ್. ಠಾಣೆಯಲ್ಲಿ ತೋರಿಸಿದಾಗ ಬರೆದುಕೊಳ್ಳುವವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಯುಧದ ವಿವರ ಸರಿಯಾಗಿ ಬರೆಯಬೇಕು ಅನ್ನುವುದು ವ್ಯಾಪಾರದ ಲೈಸೆನ್ಸ್ ಇಟ್ಟುಕೊಂಡ ನಿಮಗೆ ನಾನು ಹೇಳಬೇಕಾ?

ಒಂದು ತಪ್ಪು ನನ್ನದೂ ಇದೆ. ಕೊಳ್ಳುವಾಗಲೇ ಗಜ, ಅಂದರೆ ಮದ್ದು ಒತ್ತುವ ಉದ್ದ ಕೋಲು, ನಳಿಗೆಗೆ ಇಳಿಸಿ ನೋಡಬೇಕಿತ್ತು. ಆದರೆ ಬಂದೂಕಿನ ಜೊತೆ ಗಜವೇ ಇರಲಿಲ್ಲ. "ಗೋದಾಮಿನ್ಯಾಗ ಐತ್ರಿ, ಆಮ್ಯಾಲೆ ಕಳಸ್ತೀವಿ" ಅಂದಿರಿ. ಇನ್ನೂ ಬರುತ್ತಲೇ ಇದೆ.

ಮನೆಗೆ ಬಂದು ಅಪ್ಪನ ಗಜವನ್ನು ಮೊದಲು ನಳಿಗೆಯ ಹೊರಗಿಟ್ಟು ನಿಪ್ಪಲ್‌ವರೆಗೆ ಅಳೆದೆ. ನಳಿಗೆಯ ಬಾಯಿಗೆ ಸರಿಯಾಗಿ ಗಜಕ್ಕೆ ದಾರ ಕಟ್ಟಿದೆ. ಆಮೇಲೆ ಒಳಗೆ ಬಿಟ್ಟೆ. ದಾರ ನಾಲ್ಕು ಬೆರಳು ಹೊರಗೇ ನಿಂತಿತು. ಕಬ್ಬಿಣಕ್ಕೆ ಬಡಿದರೆ ಟಣ್ ಅನ್ನಬೇಕು, ಇದು ಮೆತ್ತಗೆ ದಪ್ ಅಂದಿತು. ನನ್ನ ಕೈ ತಣ್ಣಗಾಯಿತು.

ಮರುದಿನ ಬಂದೂಕು, ಗಜ, ದಾರ ಎಲ್ಲ ಹಿಡಿದು ನಿಮ್ಮ ಅಂಗಡಿಗೆ ಬಂದೆ. ಅಲ್ಲಿ ಇನ್ನೂ ಮೂವರು ಗಿರಾಕಿಗಳಿದ್ದರು. ಒಳಗೆ ಮದ್ದಿದೆ ಅಂದೆ. "ಕಸ ಇರಬೇಕ್ರಿ" ಅಂದಿರಿ. ಕಸವಲ್ಲ, ದಾರ ನೋಡಿ ಅಂದೆ. ನಿಮ್ಮ ಹುಡುಗ ಬಂದೂಕನ್ನು ಮೊಣಕಾಲಿಗೆ ಒತ್ತಿ ನಡುವೆ ಮಡಚಲು ನೋಡಿದ! ಇದು ಮುಂದಿನಿಂದ ತುಂಬುವ ಬಂದೂಕು ಕಣಪ್ಪಾ, ಹಿಂದೆ ಬಾಗಿಲೇ ಇಲ್ಲ ಅಂದೆ. "ಹಂಗಂದ್ರ ತೋಟಾ ಎಲ್ಲಿ ಹಾಕ್ತಾರ್ರಿ?" ಅಂತ ಕೇಳಿದ. ಮೂವರೂ ನಕ್ಕರು. ಅವನನ್ನು ನೋಡಿ ನಗುತ್ತಿದ್ದಾರೆ ಅಂದುಕೊಂಡೆ. ಆಮೇಲೆ ನೀವು ಬಂದೂಕು ಇಸಿದುಕೊಂಡು, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣನ್ನು ನಳಿಗೆಯ ಬಾಯಿಗೇ ಇಟ್ಟಿರಿ. ನಾನು "ಏಯ್!" ಅಂತ ಕೂಗಿ ನಿಮ್ಮ ತೋಳು ಎಳೆದೆ. ನೀವು ಆ ಮೂವರ ಕಡೆ ತಿರುಗಿ "ಕೇಪ್ ಇಲ್ಲದ ಬಂದೂಕಿಗೆ ಅಂಜತಾರ ನೋಡ್ರಿ, ಇವರು ಹಂದಿ ಓಡಸ್ತಾರಂತ" ಅಂದಿರಿ. ಆಗ ಗೊತ್ತಾಯಿತು, ನಕ್ಕದ್ದು ನನ್ನನ್ನು ನೋಡಿ. ಅದೂ ಸಾಲದು ಅಂತ, "ಮದ್ದು ಸಿಗದಿದ್ರ ಒಂದು ತೋಟಾ ಒಡದು ಅದರಾಗಿಂದ ಹಾಕ್ರಿ" ಅಂತ ಸಲಹೆ ಬೇರೆ. ತೋಟಾದ ಹೊಗೆ ಇಲ್ಲದ ಮದ್ದು ಕರಿಮದ್ದಿನ ಬಂದೂಕಿಗೆ ಹೋದರೆ ನಳಿಗೆ ಸಿಡಿಯುತ್ತದೆ. ಇದು ಗೊತ್ತಿಲ್ಲದೆ ನೀವು ಬಂದೂಕು ಮಾರುವ ಬದಲು ಬಳೆ ಮಾರಿದ್ದರೆ ಚೆನ್ನಾಗಿತ್ತು. ಕ್ಷಮಿಸಿ, ಬಳೆಗಾರರಿಗೂ ತಮ್ಮ ಸರಕು ಗೊತ್ತಿರುತ್ತದೆ.

ರಿಪೇರಿಯ ಲೈಸೆನ್ಸ್ ಇರುವ ಹಿರಿಯರೊಬ್ಬರು ಕೊನೆಗೆ ನಳಿಗೆಗೆ ನೀರು ಹುಯ್ದು ನೆನೆಸಿ, ತಿರುಪು ಇರುವ ಗಜದಿಂದ ಒಂದೊಂದಾಗಿ ಹೊರಗೆ ಎಳೆದರು. ತೆಂಗಿನ ನಾರು. ಸೀಸದ ಸಣ್ಣ ಗುಂಡು, ನಲವತ್ತರ ಹತ್ತಿರ. ಕಾಗದದ ಉಂಡೆ. ಅದರ ಹಿಂದೆ ಹೆಪ್ಪುಗಟ್ಟಿದ ಕರಿಮದ್ದು. ಕಾಗದ ಬಿಡಿಸಿದರೆ ಹಳೆಯ ಕ್ಯಾಲೆಂಡರಿನ ತುಂಡು, ಅದರಲ್ಲಿ "ಏಕಾದಶಿ" ಅನ್ನುವುದಷ್ಟೇ ಓದಲು ಬಂತು. ಊರೆಲ್ಲ ಉಪವಾಸ ಇದ್ದ ದಿನ ನಿಮ್ಮ ಬಂದೂಕು ಮಾತ್ರ ಹೊಟ್ಟೆ ತುಂಬಿಸಿಕೊಂಡಿತ್ತು.

ಆ ಬಂದೂಕು ನಿಮಗೆ ಯಾರಿಂದ ಬಂತು, ರಿಜಿಸ್ಟರಿನಲ್ಲಿ ಏನಂತ ಬರೆದಿದ್ದೀರಿ, ಯಾರು ಪರೀಕ್ಷೆ ಮಾಡಿದರು ಅಂತ ಫೋನಿನಲ್ಲಿ ಕೇಳಬೇಕು ಅಂದುಕೊಂಡಿದ್ದೆ. ಈಗ ನನಗೆ ಉತ್ತರ ಬೇಡ. ಅದನ್ನು ನೀವು ಪೊಲೀಸ್ ಕಮಿಷನರ್ ಕಚೇರಿಗೇ ಹೇಳಿ, ಈ ಪತ್ರದ ಒಂದು ಪ್ರತಿ ಅಲ್ಲಿಗೆ ಹೋಗಿದೆ. ಇನ್ನೊಂದು ಹಾವೇರಿಯ ಗ್ರಾಹಕರ ಆಯೋಗಕ್ಕೆ. 2019ರ ಕಾಯ್ದೆಯ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, ತಾರೀಖಿಗೆ ಬಸ್ ಹತ್ತಿ ಬರಬೇಕಾದವರು ನೀವು. 18,500 ವಾಪಸ್ ಕೊಡುತ್ತೇವೆ ಅಂತ ಈಗ ಫೋನ್ ಮಾಡಬೇಡಿ. ನಾನೂ ಊಟಕ್ಕೆ ಹೋಗಿರುತ್ತೇನೆ.

ಇನ್ನೊಂದು ಮಾತು. ಕೊಳ್ಳುವ ದಿನ ನಿಮ್ಮ ಹುಡುಗ, ಕೇಪಿಗೆ ಬಡಿಯುವ ಕುದುರೆ ಎಷ್ಟು ಚೆನ್ನಾಗಿ ಬೀಳುತ್ತದೆ ಅಂತ ತೋರಿಸಲು ಎರಡು ಸಲ ಟ್ರಿಗರ್ ಒತ್ತಿದ, ನೆನಪಿದೆಯಾ? ಆಗ ನಳಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದವರು ನೀವೇ.

ಇಂತಿ,
ನಿಮ್ಮ ಮಾಜಿ ಗಿರಾಕಿ,
ಶಿಗ್ಗಾವಿ ತಾಲೂಕು, ಹಾವೇರಿ ಜಿಲ್ಲೆ

ಲಗತ್ತು: ಬಿಲ್ಲಿನ ಜೆರಾಕ್ಸ್, ದಾರ ಕಟ್ಟಿದ ಗಜದ ಫೋಟೋ. ಏಕಾದಶಿಯ ಕಾಗದ ನನ್ನ ಹತ್ತಿರವೇ ಇರುತ್ತದೆ.