ದೇವರನ್ನು ಬಿಟ್ಟವರಲ್ಲ, ಬೇರೆ ಥರ ಕಂಡವರು

ಮಾನ್ಯ ಸಂಪಾದಕರೇ,

ವಿಜ್ಞಾನ ಹೇಗೆ ಹುಟ್ಟಿತು ಎಂದು ಹೇಳುವ ಲೇಖನಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ. ಗ್ರೀಕರ ಮೊದಲ ತತ್ವಜ್ಞಾನಿಗಳು ದೇವರನ್ನು ಪಕ್ಕಕ್ಕಿಟ್ಟು ಪ್ರಕೃತಿಯ ಕಡೆ ತಿರುಗಿದರು ಅಂತ. ಶಾಲೆಯಲ್ಲೂ ಮಕ್ಕಳಿಗೆ ಹೀಗೇ ಹೇಳುತ್ತೇವೆ. ಆದರೆ ಅವರ ಮಾತುಗಳನ್ನೇ ಓದಿದರೆ ಬೇರೆಯದೇ ಚಿತ್ರ ಸಿಗುತ್ತದೆ.

ಎಲ್ಲಕ್ಕೂ ನೀರೇ ಮೂಲ ಅಂದವನು ಮಿಲೀಟಸ್ ಎಂಬ ಗ್ರೀಕ್ ಊರಿನ ಥೇಲೀಸ್. ಎಲ್ಲವೂ ದೇವರುಗಳಿಂದ ತುಂಬಿದೆ ಎಂಬ ಮಾತೂ ಅವನದೇ ಎನ್ನುತ್ತಾನೆ ಅರಿಸ್ಟಾಟಲ್. ಅಯಸ್ಕಾಂತ ಕಬ್ಬಿಣವನ್ನು ಎಳೆಯುತ್ತದೆ, ಹಾಗಾದರೆ ಅದಕ್ಕೂ ಜೀವ ಇದೆ ಎಂದು ಅವನು ನಂಬಿದ್ದನಂತೆ. ಅದೇ ಊರಿನ ಅನಾಕ್ಸಿಮಾಂಡರ್ ಎಲ್ಲೆಯೇ ಇಲ್ಲದ ಒಂದು ಮೂಲವನ್ನು ಹೇಳಿದ. ಅದಕ್ಕೆ ಸಾವಿಲ್ಲ, ಮುಪ್ಪಿಲ್ಲ. ಹೋಮರನ ಕಾವ್ಯದಲ್ಲಿ ದೇವತೆಗಳನ್ನು ಬಣ್ಣಿಸುವುದೂ ಹೀಗೇ ಅಲ್ವಾ?

ನನಗೆ ತುಂಬಾ ಮುಖ್ಯ ಅನ್ನಿಸುವವನು ಕೊಲೊಫೋನಿನ ಜೆನೊಫಾನೀಸ್. ಕವಿ, ಊರೂರು ಅಲೆದವನು. ತೊಂಬತ್ತು ದಾಟಿದ ಮೇಲೂ ಪದ್ಯ ಬರೆಯುತ್ತಿದ್ದ. ಕಳ್ಳತನ, ಹಾದರ, ಮೋಸ, ಹೀಗೆ ಮನುಷ್ಯರಲ್ಲಿ ನಾಚಿಕೆಗೇಡು ಅನ್ನಿಸುವುದನ್ನೆಲ್ಲ ಹಳೆಯ ಕವಿಗಳಾದ ಹೋಮರ್ ಮತ್ತು ಹೆಸಿಯಡ್ ದೇವರುಗಳ ತಲೆಗೆ ಕಟ್ಟಿದ್ದಾರೆ ಎಂದು ಅವನು ನೇರವಾಗಿ ದೂರಿದ. ಇಥಿಯೋಪಿಯದವರ ದೇವರಿಗೆ ಚಪ್ಪಟೆ ಮೂಗು, ಕಪ್ಪು ಬಣ್ಣ. ಥ್ರೇಸಿನವರ ದೇವರಿಗೆ ನೀಲಿ ಕಣ್ಣು, ಕೆಂಪು ಕೂದಲು. ದನಕ್ಕೂ ಕುದುರೆಗೂ ಕೈ ಇದ್ದು ಚಿತ್ರ ಬರೆಯಲು ಬಂದಿದ್ದರೆ ದನದ ದೇವರು ದನದ ಹಾಗೆ, ಕುದುರೆಯ ದೇವರು ಕುದುರೆಯ ಹಾಗೆ ಇರುತ್ತಿತ್ತು ಎಂದ.

ಈ ಸಾಲುಗಳನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಹೇಳಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ, ನನ್ನ ತಕರಾರು ಇರುವುದು ಅದಕ್ಕೇ. ಒಬ್ಬ ದೇವರಿದ್ದಾನೆ, ದೇವರುಗಳಲ್ಲೂ ಮನುಷ್ಯರಲ್ಲೂ ಅವನೇ ದೊಡ್ಡವನು ಎಂದೂ ಜೆನೊಫಾನೀಸ್ ಬರೆದಿದ್ದಾನೆ. ಆ ದೇವರ ಮೈಯಾಗಲಿ ಮನಸ್ಸಾಗಲಿ ನಮ್ಮಂಥದಲ್ಲ. ಅವನು ಇಡಿಯಾಗಿ ನೋಡುತ್ತಾನೆ, ಇಡಿಯಾಗಿ ಕೇಳುತ್ತಾನೆ. ಇದ್ದಲ್ಲೇ ಇದ್ದು, ಸ್ವಲ್ಪವೂ ದಣಿಯದೆ, ಬರೀ ಯೋಚನೆಯಿಂದ ಎಲ್ಲವನ್ನೂ ಅಲುಗಿಸುತ್ತಾನೆ. ಇದು ನಾಸ್ತಿಕನ ಮಾತಲ್ಲ. ದೇವರನ್ನು ಚಿಕ್ಕದು ಮಾಡಬೇಡಿ ಎಂದು ಬೇಡುವವನ ಮಾತು. ಇಷ್ಟು ಹೇಳಿಯೂ, ದೇವರುಗಳ ಬಗ್ಗೆ ಖಚಿತವಾಗಿ ತಿಳಿದವರು ಯಾರೂ ಇಲ್ಲ, ಮುಂದೆಯೂ ಇರುವುದಿಲ್ಲ ಎಂದು ಒಪ್ಪಿಕೊಂಡ.

ಇದೇ ಸಾಲಿನ ಇನ್ನೊಬ್ಬ ತತ್ವಜ್ಞಾನಿ ಅನಾಕ್ಸಾಗೊರಾಸ್. ಸೂರ್ಯ ಅಂದರೆ ಕೆಂಪಗೆ ಕಾದ ಕಲ್ಲು ಅಂದ ಅವನು ಅಥೆನ್ಸ್ ಬಿಟ್ಟು ಲ್ಯಾಂಪ್ಸಕಸ್ ಎಂಬ ಊರಿಗೆ ಹೋಗಬೇಕಾಯಿತು. ಜಗತ್ತನ್ನೆಲ್ಲ ಅಣಿಗೊಳಿಸಿದ್ದು ಬುದ್ಧಿ ಎಂದವನೂ ಅವನೇ.

ಇವರನ್ನು ಆಸ್ತಿಕರ ಸಾಲಿಗೋ ನಾಸ್ತಿಕರ ಸಾಲಿಗೋ ಸುಮ್ನೆ ತಳ್ಳುವುದು ಬೇಡ. ಇವರ ಉಳಿದಿರುವ ಸಾಲುಗಳು ತುಂಬಾ ಕಡಿಮೆ. ನಿಮ್ಮ ಭಾನುವಾರದ ಪುರವಣಿಯಲ್ಲಿ ವಾರಕ್ಕೊಬ್ಬರಂತೆ ಅವನ್ನು ಕನ್ನಡದಲ್ಲಿ ಕೊಡಿ ಎಂದು ಕೋರುತ್ತೇನೆ.

– ಒಬ್ಬ ಓದುಗ, ಶಿವಮೊಗ್ಗ