ಕಟಿಂಗ್ ಶಾಪ್ ಮುಂದೆ ಸಿಕ್ಕ ಆಟೋದವರಿಗೆ

ಹೋದ ಬುಧವಾರ ಬೆಳಿಗ್ಗೆ, ಮೈಸೂರಿನ ಅಗ್ರಹಾರದಲ್ಲಿ ಬಾಗಿಲು ಹಾಕಿದ್ದ ಕಟಿಂಗ್ ಶಾಪ್ ಮುಂದೆ ಪೆದ್ದನ ಹಾಗೆ ನಿಂತಿದ್ದ ನನ್ನನ್ನು ಕರೆದು ವಿಷಯ ಹೇಳಿದ ಆಟೋದವರೇ, ನಿಮಗೆ ತುಂಬಾ ಥ್ಯಾಂಕ್ಸ್. ಮಂಗಳವಾರ ಆಗಿದ್ದರೆ ರಜೆ ಅಂತ ಸುಮ್ನೆ ವಾಪಸ್ ಹೋಗಿಬಿಡುತ್ತಿದ್ದೆ. 'ಯಜಮಾನ್ರು ಹೋಗ್ಬಿಟ್ರು ಸಾರ್, ಆಟೋ ಹತ್ತಿ, ಇನ್ನೂ ಮನೇಲೇ ಇಟ್ಟಿದ್ದಾರೆ' ಅಂದಿರಿ. ಕೊನೆಯ ಸಲ ಮುಖ ನೋಡೋಕೆ ಸಿಕ್ಕಿದ್ದು ನಿಮ್ಮಿಂದಲೇ. ದುಡ್ಡು ಕೊಡಲು ಹೋದರೆ, ಚಿಕ್ಕಂದಿನಿಂದ ನನಗೂ ಅವರದೇ ಕಟಿಂಗ್ ಅಂತ ಹೊರಟೇ ಹೋದಿರಿ. ಹಾಗಾದ್ರೆ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಇಡುತ್ತಿದ್ದ ಆ ಹಲಗೆ ಮೇಲೆ ನೀವೂ ಕೂತವರೇ ಅಲ್ವಾ? ಅಲ್ಲಾಡಿದ್ರೆ ಕಿವಿ ಹೋಗುತ್ತೆ ಅಂತ ಹೆದರಿಸುತ್ತಿದ್ದರು. ದೊಡ್ಡವನಾದ ಮೇಲೆ ಶೇವಿಂಗ್‌ಗೆ ಹೋದರೆ, ಪಟಿಕ ಉಜ್ಜಿ, ಉರಿಗೆ ನಾನು ಮುಖ ಕಿವುಚುವ ಮೊದಲೇ ಟವೆಲ್ಲಿನಲ್ಲಿ ಗಾಳಿ ಹಾಕುತ್ತಿದ್ದರು. ನಿಮ್ಮ ಹೆಸರು ಕೇಳಲಿಲ್ಲ, ತಪ್ಪು ನಂದೇ.