ನನ್ನನ್ನು ಯಾರ ಲೆಕ್ಕಕ್ಕೂ ಬರೆದುಕೊಳ್ಳಬೇಡಿ

ಸಂಪಾದಕರಿಗೆ ನಮಸ್ಕಾರ.

2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ನಮ್ಮ ಮನೆಗೂ ಒಬ್ಬರು ಟೀಚರ್ ಬಂದಿದ್ದರು. ಮೀಟರ್ ರೀಡರ್ ಅಂಟಿಸಿ ಹೋಗಿದ್ದ ಸ್ಟಿಕ್ಕರ್ ನೋಡಿ, ಜಗಲಿಯಲ್ಲಿ ಕೂತು, ಮೊಬೈಲ್ ಹಿಡಿದು ಒಂದೊಂದೇ ಪ್ರಶ್ನೆ ಕೇಳಿದರು. ವಯಸ್ಸು 61. ಕೆಲಸ, ನಿವೃತ್ತ ನರ್ಸ್. ಮದುವೆ ಆಗಿಲ್ಲ. ಮನೆ ಹೆಂಚಿನದು. ಎಲ್ಲಕ್ಕೂ ತಡವಿಲ್ಲದೆ ಉತ್ತರ ಕೊಟ್ಟೆ. ಧರ್ಮ ಯಾವುದು ಅಂದಾಗ ಬಾಯಿ ಕಟ್ಟಿತು. ಟೀಚರ್ ತಲೆ ಎತ್ತಿ, ಗೋಡೆಯಲ್ಲಿದ್ದ ಅಜ್ಜಿಯ ಕಾಲದ ಬೈಬಲ್ ವಚನದ ಚೌಕಟ್ಟು ನೋಡಿ, "ಕ್ರಿಶ್ಚಿಯನ್ ಅಲ್ವಾ ಮೇಡಂ?" ಎಂದರು. ಹೌದು ಎಂದೆ. ಅವರು ಮುಂದಿನ ಪ್ರಶ್ನೆಗೆ ಹೋದರು. ನಾನು ಇನ್ನೂ ಅದೇ ಪ್ರಶ್ನೆಯಲ್ಲಿ ಇದ್ದೇನೆ.

ನಿಮ್ಮ ಪತ್ರಿಕೆಯಲ್ಲಿ ಮತಾಂತರದ ಬಗ್ಗೆ ಪತ್ರಗಳು ಬರುತ್ತಾ ಇರುತ್ತವೆ. ಒಬ್ಬರು ಜನ ಹೋದರು ಎಂದು ಬರೆಯುತ್ತಾರೆ, ಇನ್ನೊಬ್ಬರು ವಾಪಸ್ ಬಂದರು ಎಂದು ಬರೆಯುತ್ತಾರೆ. ನಾನು ಹೋಗಿಯೂ ಇದ್ದೇನೆ, ಎಲ್ಲಿಗೂ ಬಂದೂ ಇಲ್ಲ. ನನ್ನಂಥವರ ಮಾತು ಎಲ್ಲೂ ಕಾಣಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಮಂಗಳೂರಿನ ಜೆಪ್ಪು. ಸ್ವಿಟ್ಜರ್ಲೆಂಡಿನಿಂದ ಬಂದ ಪ್ರೊಟೆಸ್ಟೆಂಟ್ ಮಿಶನ್ ಆದ ಬಾಸೆಲ್ ಮಿಶನ್‌ಗೆ ಸೇರಿದ ಕುಟುಂಬ. 1834ರಲ್ಲಿ ಮಿಶನ್‌ನವರು ಮಂಗಳೂರಿಗೆ ಬಂದರು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ನನ್ನ ಅಜ್ಜ ಅಲ್ಲಿ ದುಡಿದವರು. ಅವರ ಕಾಲಕ್ಕೆ ಅದು ಕಾಮನ್‌ವೆಲ್ತ್ ಕಾರ್ಖಾನೆ ಆಗಿತ್ತು, ಆದರೂ ಅಜ್ಜಿ ಕೊನೆಯವರೆಗೂ ಮಿಶನ್ ಕಾರ್ಖಾನೆ ಎಂದೇ ಹೇಳುತ್ತಿದ್ದರು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಅಜ್ಜಿ ಭಾನುವಾರ ಬಿಳಿ ಸೀರೆ ಉಟ್ಟು ಚರ್ಚಿಗೆ ಹೋಗುತ್ತಿದ್ದರು. ರಾತ್ರಿ ಗದ್ದೆಯಾಚೆ ಯಕ್ಷಗಾನದ ಚೆಂಡೆ ಕೇಳಿದರೆ ಜಗಲಿಯಲ್ಲಿ ಕೂತು ಕಿವಿ ಕೊಡುತ್ತಿದ್ದರು. ಎರಡರಲ್ಲೂ ಅವರಿಗೆ ತೊಂದರೆ ಕಾಣಲಿಲ್ಲ.

1976ರಲ್ಲಿ ನನಗೆ 12 ವರ್ಷ. ಅಪ್ಪ ಒಂದು ಹೊಸ ಕ್ರೈಸ್ತ ಸಭೆಗೆ ಸೇರಿದರು. ಅದರ ಹೆಸರು ನಾನು ಹೇಳುವುದಿಲ್ಲ. ಅಲ್ಲಿ ಇವತ್ತಿಗೂ ಒಳ್ಳೆಯ ಜನ ಇದ್ದಾರೆ. ಅಪ್ಪ ವಿಪರೀತ ಕುಡಿಯುತ್ತಿದ್ದವರು ಒಂದೇ ವಾರದಲ್ಲಿ ಬಿಟ್ಟರು, ಮತ್ತೆ ಸಾಯುವವರೆಗೆ ಮುಟ್ಟಲಿಲ್ಲ. ಅಮ್ಮ ಮೊದಲ ಸಲ ಸಂಬಳದ ಹಣ ಪೂರ್ತಿ ಎಣಿಸಿದ್ದು ಆ ತಿಂಗಳು. ಇದನ್ನು ಹೇಳದೆ ಮುಂದಿನದ್ದು ಹೇಳಿದರೆ ಅನ್ಯಾಯ ಆಗುತ್ತದೆ.

ಮಗುವಾಗಿದ್ದಾಗ ಚರ್ಚಿನಲ್ಲಿ ಕೊಟ್ಟ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ ಎಂದರು. ನೇತ್ರಾವತಿಯಲ್ಲಿ ನಮ್ಮನ್ನೆಲ್ಲ ಮುಳುಗಿಸಿ ಎಬ್ಬಿಸಿದರು. ಅಜ್ಜಿ ಮಾತ್ರ ದಡದಲ್ಲೇ ನಿಂತರು. "ದೇವರು ನನ್ನನ್ನು ಒಮ್ಮೆ ಹೆಸರು ಹಿಡಿದು ಕರೆದಿದ್ದಾನೆ. ಇನ್ನೊಮ್ಮೆ ಕರೆಯಬೇಕಾ?" ಎಂದರು.

ಆಮೇಲೆ ಮನೆ ಬದಲಾಯಿತು. ಬಳೆ ಹೋಯಿತು, ಹೂ ಹೋಯಿತು, ರೇಡಿಯೋ ಹೋಯಿತು. ಚೆಂಡೆ ಕೇಳಿದರೆ ಕಿಟಕಿ ಮುಚ್ಚಬೇಕು. ಜಗತ್ತಿನಲ್ಲಿ ಎರಡೇ ಜಾತಿ: ರಕ್ಷಣೆ ಹೊಂದಿದವರು, ಲೋಕದವರು. ಕರ್ತನ ಬರೋಣ, ಅಂದರೆ ಯೇಸು ಮತ್ತೆ ಬರುವುದು, ಯಾವ ಗಳಿಗೆಯಲ್ಲೂ ಆಗಬಹುದು, ರಕ್ಷಣೆ ಹೊಂದಿದವರ ಸಭೆ ಪರಲೋಕಕ್ಕೆ ಎತ್ತಲ್ಪಡುತ್ತದೆ, ಮಿಕ್ಕವರು ಇಲ್ಲೇ ಉಳಿಯುತ್ತಾರೆ ಎಂದು ವಾರಕ್ಕೆ ಮೂರು ಸಲ ಕೇಳುತ್ತಿದ್ದೆವು. ಶಾಲೆಯಿಂದ ಬಂದಾಗ ಮನೆಯಲ್ಲಿ ಯಾರೂ ಕಾಣದಿದ್ದರೆ ನನ್ನ ಕೈಕಾಲು ತಣ್ಣಗಾಗುತ್ತಿತ್ತು. ಆಗ ಅಜ್ಜಿಯನ್ನು ಹುಡುಕುತ್ತಿದ್ದೆ. ಅಜ್ಜಿ ಇದ್ದರೆ ಇನ್ನೂ ಜಾಸ್ತಿ ಹೆದರಿಕೆ. ಯಾಕೆಂದರೆ ಅಜ್ಜಿ ರಕ್ಷಣೆ ಹೊಂದಿಲ್ಲ, ಅವರೊಬ್ಬರೇ ಉಳಿದಿದ್ದರೆ ಮಿಕ್ಕವರೆಲ್ಲ ಹೋಗಿಯೇ ಬಿಟ್ಟಿದ್ದಾರೆ ಅಂತ ಅರ್ಥ. ಅಮ್ಮ ಬಾವಿಯಿಂದ ನೀರು ಹೊತ್ತು ಬರುವವರೆಗೆ ನಾನು ಅಜ್ಜಿಯ ಸೆರಗು ಹಿಡಿದು ನಿಲ್ಲುತ್ತಿದ್ದೆ. ಅಜ್ಜಿಗೆ ನಾನು ಯಾಕೆ ನಡುಗುತ್ತೇನೆಂದು ಕೊನೆಗೂ ಗೊತ್ತಾಗಲಿಲ್ಲ.

1981ರಲ್ಲಿ ಅಜ್ಜಿ ತೀರಿಕೊಂಡರು. ಹಳೇ ಚರ್ಚಿನ ಅಯ್ಯನವರು ಬಂದು ಮಣ್ಣು ಮಾಡಿದರು. ಮುಂದಿನ ಭಾನುವಾರ ನಮ್ಮ ಸಭೆಯಲ್ಲಿ, ರಕ್ಷಣೆ ಇಲ್ಲದೆ ಸತ್ತವರು ಈ ಹೊತ್ತಿಗೆ ಎಲ್ಲಿದ್ದಾರೆ ಎಂಬ ವಿಷಯದ ಮೇಲೆ ಪ್ರಸಂಗ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನನಗೆ 17 ವರ್ಷ. ಅಪ್ಪ ಪಕ್ಕದಲ್ಲಿ ಕೂತು ಅಳುತ್ತಿದ್ದರು, ಆದರೂ ಆಮೆನ್ ಎಂದರು.

ಇನ್ನು ಪಕ್ಕದ ಮನೆಯ ಅಕ್ಕನ ವಿಷಯ. ಈ ಪತ್ರ ನಿಜಕ್ಕೂ ಅವರಿಗಾಗಿಯೇ. ಪ್ರತಿ ವರ್ಷ ನಾಗರ ಪಂಚಮಿಗೆ ಅವರು ಅರಶಿನ ಎಲೆಯ ಗಟ್ಟಿ ಮಾಡಿ ನಮಗೆ ಕೊಡುತ್ತಿದ್ದರು. ಕರಾವಳಿಯವರಿಗೆ ಆ ಪರಿಮಳ ಹೇಳಿ ಕೊಡಬೇಕಾಗಿಲ್ಲ. ಅಕ್ಕಿ ಹಿಟ್ಟು, ಒಳಗೆ ತೆಂಗಿನಕಾಯಿ ಬೆಲ್ಲ, ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸಿದ್ದು. ಅದು ವಿಗ್ರಹಕ್ಕೆ ಅರ್ಪಿಸಿದ್ದು, ತಿನ್ನಬಾರದು ಎಂದು ಸಭೆಯ ನಿಯಮ. ಬೇಡ ಎಂದರೆ ಅಕ್ಕನಿಗೆ ಬೇಸರ. ಹಾಗಾಗಿ ಅಮ್ಮ ನಗುತ್ತಾ ತೆಗೆದುಕೊಳ್ಳುತ್ತಿದ್ದರು, ಕತ್ತಲಾದ ಮೇಲೆ ನಾನು ಹಿತ್ತಿಲ ತೆಂಗಿನ ಬುಡದಲ್ಲಿ ಗುಂಡಿ ತೋಡಿ ಹೂಳುತ್ತಿದ್ದೆ. ಮರುದಿನ ತೊಳೆದ ತಟ್ಟೆಯಲ್ಲಿ ನಾಲ್ಕು ಬಾಳೆಹಣ್ಣು ಇಟ್ಟು ವಾಪಸ್ ಕೊಡುವುದು. ಅಮ್ಮ ಹೋದ ಮೇಲೂ ಈ ಕೆಲಸ ನಾನು ಬಿಡಲಿಲ್ಲ. 1976ರಿಂದ 2008ರವರೆಗೆ. ಒಂದು ವರ್ಷವೂ ತಪ್ಪಿಸದೆ.

2008ರ ಸೆಪ್ಟೆಂಬರ್ 14, ಭಾನುವಾರ. ಆ ದಿನ ಮಂಗಳೂರಿನಲ್ಲಿ, ಸುತ್ತಮುತ್ತ ಚರ್ಚುಗಳ ಮೇಲೆ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆದದ್ದು ಎಲ್ಲರಿಗೂ ನೆನಪಿದೆ. ನಾವು ಕೂಡುತ್ತಿದ್ದ ಹಾಲ್‌ನ ಕಿಟಕಿಗೂ ಕಲ್ಲು ಬಿತ್ತು. ಸಂಜೆ ಅಕ್ಕ ಬಂದು, "ಮಾರಾಯ್ತಿ, ಒಬ್ಬಳೇ ಇರಬೇಡ, ನಮ್ಮಲ್ಲಿ ಬಾ" ಎಂದು ಕೈ ಹಿಡಿದು ಕರೆದುಕೊಂಡು ಹೋದರು. ಐದು ರಾತ್ರಿ ಅವರ ಮನೆಯಲ್ಲಿ ಮಲಗಿದೆ. ಮೊದಲ ದಿನವೇ ಕೇಳಿದರು: "ನಿನ್ನ ಪ್ರಾರ್ಥನೆ ಎಷ್ಟು ಹೊತ್ತಿಗೆ? ಆಗ ನಾನು ಟಿವಿ ಬಂದ್ ಮಾಡ್ತೇನೆ."

ಮರುವರ್ಷ ಅವರಿಗೆ ಕ್ಯಾನ್ಸರ್ ಜೋರಾಯಿತು. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೇ ತಂದರು. ಸಭೆಯ ಹಿರಿಯರಿಗೆ ಗೊತ್ತಾಯಿತು. "ಸಮಯ ಕಡಿಮೆ ಇದೆ, ಸುವಾರ್ತೆ ಹೇಳು. ಹೇಳದಿದ್ದರೆ ಅವಳ ರಕ್ತದ ಲೆಕ್ಕ ನಿನ್ನಿಂದ ಕೇಳಲ್ಪಡುತ್ತದೆ" ಎಂದರು. ಅವರು ದುಷ್ಟರಲ್ಲ. ನಿಜವಾಗಿಯೂ ಹಾಗೆ ನಂಬಿದ್ದರು, ನಾನೂ ನಂಬಿದ್ದೆ. ಒಂದು ರಾತ್ರಿ ಪಾಳಿಯಲ್ಲಿ ಹೇಳಬೇಕೆಂದೇ ಅವರ ಮಂಚದ ಹತ್ತಿರ ಹೋದೆ. ಅಕ್ಕ ಕಣ್ಣು ಬಿಟ್ಟು, "ಈ ಸಲ ಗಟ್ಟಿ ಕೊಡಲಿಕ್ಕೆ ಆಗಲಿಲ್ಲ. ನಿನಗೆ ಇಷ್ಟ ಅಲ್ವಾ?" ಎಂದರು.

ನನಗೆ ಮಾತೇ ಬರಲಿಲ್ಲ. ಸುವಾರ್ತೆಯೂ ಬರಲಿಲ್ಲ, ತಪ್ಪೊಪ್ಪಿಗೆಯೂ ಬರಲಿಲ್ಲ. ಅವರ ಮಣಿಕಟ್ಟು ಹಿಡಿದು ನಾಡಿ ನೋಡುತ್ತಾ ಕೂತೆ. ಬೆಳಗಿನ ಜಾವದವರೆಗೂ ಹಾಗೇ. ಮೂರನೇ ದಿನ ಅವರು ಹೋದರು. ನಂದಿಗುಡ್ಡೆಯಲ್ಲಿ ಚಿತೆ ಉರಿಯುವಾಗ ನನಗೆ ಒಂದೇ ವಿಷಯ ಸ್ಪಷ್ಟವಾಗಿತ್ತು: ಈ ಹೆಂಗಸನ್ನು ನರಕಕ್ಕೆ ಹಾಕುವ ದೇವರಿಗೆ ನಾನು ಇನ್ನು ಹಾಡುವುದಿಲ್ಲ. ಅಜ್ಜಿಯ ನೆನಪಿಗೆ ಮೊದಲ ಸಲ ಧೈರ್ಯವಾಗಿ ಅತ್ತದ್ದು ಅವತ್ತು.

ತಕ್ಷಣ ಬಿಡಲಿಲ್ಲ. ಮೂರು ವರ್ಷ ಹಿಡಿಯಿತು. ಆ ಮೂರು ವರ್ಷ ರಜೆಯ ದಿನಗಳಲ್ಲಿ ಬಲ್ಮಠದ ಥಿಯೋಲಾಜಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಕೂತು ಓದಿದೆ. ರಹಸ್ಯವಾಗಿ ಸಭೆ ಎತ್ತಲ್ಪಡುವ ಬೋಧನೆ ಅಪೊಸ್ತಲರ ಕಾಲದಿಂದ ಹಾಗೇ ಬಂದದ್ದು ಎಂದು ತಿಳಿದಿದ್ದೆ. ಆದರೆ ಬೈಬಲಿನಲ್ಲಿ ಥೆಸಲೊನೀಕದವರಿಗೆ ಬರೆದ ಪತ್ರದ ಮಾತಿನಿಂದ ಅದನ್ನು ಈಗಿನ ರೂಪಕ್ಕೆ ತಂದವರಲ್ಲಿ ಮುಖ್ಯರು ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರು. 1830ರ ದಶಕ. ನಮ್ಮ ಮಿಶನ್‌ನವರು ಮಂಗಳೂರಿನಲ್ಲಿ ಇಳಿದದ್ದೂ ಅದೇ ದಶಕದಲ್ಲಿ! ನಮ್ಮ ಸಭಾಪಾಲಕರ ಕೈಯಲ್ಲಿದ್ದ ಇಂಗ್ಲಿಷ್ ಬೈಬಲ್ ಸ್ಕೋಫೀಲ್ಡ್ ಎಂಬುವರ ಟಿಪ್ಪಣಿ ಇದ್ದದ್ದು, ಮೊದಲು ಬಂದದ್ದು 1909ರಲ್ಲಿ. ಪುಟದ ಕೆಳಗಿನ ಆ ಸಣ್ಣ ಅಕ್ಷರಗಳನ್ನು ಅವರು ಮೇಲಿನ ವಾಕ್ಯದಷ್ಟೇ ಗಟ್ಟಿಯಾಗಿ ಬೋಧಿಸುತ್ತಿದ್ದರು. ಅಜ್ಜಿಯ ಕನ್ನಡ ಸತ್ಯವೇದದಲ್ಲಿ ಅಂಥ ಟಿಪ್ಪಣಿಯೇ ಇರಲಿಲ್ಲ. ಅಮೆರಿಕದಲ್ಲಿ 1910ರಿಂದ 1915ರವರೆಗೆ ಒಬ್ಬ ಎಣ್ಣೆ ಉದ್ಯಮಿಯ ಹಣದಲ್ಲಿ ಕ್ರೈಸ್ತ ಮೂಲಬೋಧನೆಗಳನ್ನು ಸಮರ್ಥಿಸುವ 'ದಿ ಫಂಡಮೆಂಟಲ್ಸ್' ಎಂಬ 12 ಪುಸ್ತಿಕೆಗಳನ್ನು ಪುಕ್ಕಟೆ ಹಂಚಿದರು. ಫಂಡಮೆಂಟಲಿಸ್ಟ್, ಅಂದರೆ ಮೂಲಭೂತವಾದಿ, ಎಂಬ ಹೆಸರು 1920ರಲ್ಲಿ ಅವರ ಪೈಕಿಯವರೇ ಹೆಮ್ಮೆಯಿಂದ ಇಟ್ಟುಕೊಂಡದ್ದು. ನನ್ನ ಬಾಲ್ಯದ ನಡುಕಕ್ಕೆ ಇಸವಿ ಇತ್ತು, ವಿಳಾಸ ಇತ್ತು. ಇದು ಗೊತ್ತಾದಾಗ ನನಗೆ ಸಿಟ್ಟು ಬರಲಿಲ್ಲ. ಉಸಿರು ಬಂತು.

ಅದೇ ಲೈಬ್ರರಿಯಲ್ಲಿ ನಮ್ಮ ಹಳಬರ ಬಗ್ಗೆಯೂ ಓದಿದೆ. 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದವರು ಮಿಶನ್‌ನ ಮೊಗ್ಲಿಂಗ್. 1862ರಲ್ಲಿ ಯೇಸುವಿನ ಕಥೆಯನ್ನು 'ಕಥಾಮಾಲೆ' ಎಂದು ಕನ್ನಡದ ಛಂದಸ್ಸಿನಲ್ಲಿ ಕಟ್ಟಿದವರು ಕಿಟೆಲ್, ಮುಂದೆ 1894ರಲ್ಲಿ ನಿಘಂಟು ಕೊಟ್ಟವರು. ಅವರೂ ಮತಾಂತರಕ್ಕೇ ಬಂದವರು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇಲ್ಲಿಯ ಹಾಡು ಕೇಳಿದರೆ ಅವರು ಕಿಟಕಿ ಮುಚ್ಚಲಿಲ್ಲ. ಅಜ್ಜಿ ಜಗಲಿಯಲ್ಲಿ ಕೂತು ಚೆಂಡೆ ಕೇಳಿದ್ದು ತಪ್ಪೆಂದು ಇನ್ನು ಯಾರೂ ನನಗೆ ಹೇಳಬೇಕಾಗಿಲ್ಲ.

2012ರಲ್ಲಿ ಸಭೆಗೆ ಹೋಗುವುದು ನಿಲ್ಲಿಸಿದೆ. ಹಿಂಜಾರಿದವಳು ಎಂದು ಹೆಸರು ಓದಿದರು. ಸಭೆಯ ಅನ್ಯೋನ್ಯತೆಯಿಂದ ಹೊರಗೆ ಹಾಕಿದರು. ನನ್ನ ತಮ್ಮ ಇನ್ನೂ ಆ ಸಭೆಯಲ್ಲೇ ಇದ್ದಾನೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಅವನು ಊಟ ಮಾಡಿಲ್ಲ. ಅವನ ಮಗಳ ಮದುವೆ ನನಗೆ ಗೊತ್ತಾದದ್ದು ಬೇರೆಯವರ ಮೊಬೈಲಿನ ಫೋಟೋದಲ್ಲಿ. ನಾನು ಎತ್ತಿ ಆಡಿಸಿದ ಮಗು ಅದು.

ಸಭೆ ಬಿಟ್ಟ ಸುದ್ದಿ ಹರಡಿದ ಮೇಲೆ ಬೇರೆಯವರೂ ಬಂದರು. "ನಿಮ್ಮಂಥವರು ವೇದಿಕೆಗೆ ಬಂದು ಮಾತಾಡಬೇಕು, ಅವರ ಬಣ್ಣ ಬಯಲು ಮಾಡಬೇಕು, ಮೂಲ ಧರ್ಮಕ್ಕೆ ಬರಬೇಕು" ಎಂದರು. ಶಾಲು ಹೊದಿಸುವ ಮಾತೂ ಆಯಿತು. ನಾನು ಕಾಫಿ ಕೊಟ್ಟು ಕಳಿಸಿದೆ. ನನ್ನ ನೋವನ್ನು ಕಲ್ಲು ಮಾಡಿ ಇನ್ನೊಂದು ಕಿಟಕಿಗೆ ಎಸೆಯಲು ಯಾರಿಗೂ ಕೊಡುವುದಿಲ್ಲ. ಆ ಐದು ರಾತ್ರಿ ನಾನು ಮರೆತಿಲ್ಲ.

ಹಾಗಾದರೆ ಈಗ ನೀನು ಏನು ಎಂದು ಕೇಳುತ್ತಾರೆ. ಬೆಳಿಗ್ಗೆ 5 ಗಂಟೆಗೆ ಏಳುತ್ತೇನೆ. ಜಗಲಿಯಲ್ಲಿ ಸುಮ್ನೆ ಕೂರುತ್ತೇನೆ. ಅಜ್ಜಿಯ ಸತ್ಯವೇದದಿಂದ ಒಂದು ಕೀರ್ತನೆ ಓದುತ್ತೇನೆ. ಆಮೇಲೆ ಎಡಗೈಯ ನಾಡಿಯ ಮೇಲೆ ಬಲಗೈ ಬೆರಳಿಟ್ಟು ಒಂದು ನಿಮಿಷ ಕಾಯುತ್ತೇನೆ. 36 ವರ್ಷ ಬೇರೆಯವರ ನಾಡಿ ನೋಡಿದ ಕೈ. ಆ ಒಂದು ನಿಮಿಷದಲ್ಲಿ ರೋಗಿಯ ಜಾತಿ ಧರ್ಮ ಯಾವತ್ತೂ ನನ್ನ ತಲೆಗೆ ಬರುತ್ತಿರಲಿಲ್ಲ, ಬಂದರೆ ಎಣಿಕೆ ತಪ್ಪುತ್ತದೆ. ನನಗೆ ಈಗ ಪ್ರಾರ್ಥನೆ ಅಂದರೆ ಅಂಥ ಗಮನ. ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಪ್ರಾರ್ಥಿಸು ಎಂದು ಯೇಸು ಹೇಳಿದ್ದನ್ನು 50 ವರ್ಷ ಬಾಯಿಪಾಠ ಹೇಳಿದ್ದೆ. ಮಾಡಿ ನೋಡಿದ್ದು ಈಗ. ಕ್ರಿಸ್ಮಸ್ಸಿಗೆ ಹಳೇ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಯಾರೂ ಏನೂ ಕೇಳುವುದಿಲ್ಲ. ಅದು ದೊಡ್ಡ ಉಪಕಾರ.

ಒಂದು ಚಿಂತೆ ಮಾತ್ರ ಉಳಿದಿದೆ. ಸತ್ತರೆ ನನ್ನನ್ನು ಎಲ್ಲಿಡುತ್ತಾರೆ? ಚರ್ಚಿನ ಸ್ಮಶಾನದಲ್ಲಿ ಜಾಗ ಸಿಗುವುದು ಸದಸ್ಯರಿಗೆ. ನಾನು ಯಾರ ಪಟ್ಟಿಯಲ್ಲೂ ಇಲ್ಲ. 2011ರ ಜನಗಣತಿಯಲ್ಲಿ ದೇಶದ 28 ಲಕ್ಷಕ್ಕೂ ಜಾಸ್ತಿ ಜನರ ಎದುರು ಧರ್ಮ ಹೇಳಿಲ್ಲ ಎಂದು ದಾಖಲಾಗಿದೆ. ಅವರಲ್ಲಿ ನನ್ನಂಥವರು ಒಬ್ಬಿಬ್ಬರಾದರೂ ಇರಬಹುದು, ಅಲ್ವಾ? ಯಾವ ಪಟ್ಟಿಯಲ್ಲೂ ಇಲ್ಲದವರಿಗೆ ಪ್ರತಿ ಊರಿನಲ್ಲೂ ಆರಡಿ ಜಾಗ ಇರಲಿ. ನಗರಪಾಲಿಕೆಗೆ, ಚರ್ಚುಗಳ ಹಿರಿಯರಿಗೆ ನನ್ನ ವಿನಂತಿ ಇಷ್ಟೇ. ಸಭೆಗಳ ಹಿರಿಯರಿಗೆ ಇನ್ನೊಂದು ವಿನಂತಿ. ಬಿಟ್ಟು ಹೋದವರಿಗಾಗಿ ಪ್ರಾರ್ಥನೆ ಮಾಡುವುದಿದ್ದರೆ ಮಾಡಿ, ಅವರ ಜೊತೆ ಊಟವನ್ನೂ ಮಾಡಿ. ಭಾನುವಾರ ಶಾಲೆಯ ಮಕ್ಕಳಿಗೆ ಅವರ ಅಜ್ಜಿ ನರಕದಲ್ಲಿದ್ದಾರೆ ಎಂದು ಅರ್ಥವಾಗುವ ಹಾಗೆ ಯಾವ ಪಾಠವನ್ನೂ ಮಾಡಬೇಡಿ.

ಕಳೆದ ನಾಗರ ಪಂಚಮಿಗೆ ಅಕ್ಕನ ಸೊಸೆ ಗಟ್ಟಿ ತಂದು ಕೊಟ್ಟಳು. ಅವಳ ಎದುರೇ ಎಲೆ ಬಿಡಿಸಿ ಎರಡು ತಿಂದೆ. ಮೂರನೆಯದನ್ನು ತಿನ್ನುವಾಗ ಆ ತೆಂಗಿನ ಮರದ ಕಥೆ ಅವಳಿಗೆ ಪೂರ್ತಿ ಹೇಳಿದೆ. ಅವಳು ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಅತ್ತೆಗೆ ಗೊತ್ತಿತ್ತು" ಎಂದಳು. "ನೀವು ಹೂಳುವುದನ್ನು ಅವರು ಒಮ್ಮೆ ನೋಡಿದ್ದರು."

ನನ್ನ ತಮ್ಮ ಈ ಪತ್ರಿಕೆ ಓದುತ್ತಾನೆ. ಅದಕ್ಕೆ ಕೊನೆಯ ಸಾಲು ಅವನಿಗೆ: ಭಾನುವಾರ ನಿನ್ನ ಸಭೆ ಮುಗಿಸಿಕೊಂಡೇ ಬಾ. ಬಂಗುಡೆ ಸಾರು ಮಾಡಿಡುತ್ತೇನೆ. ಊಟಕ್ಕೆ ಮುಂಚಿನ ಪ್ರಾರ್ಥನೆ ನೀನೇ ಮಾಡು.

– ಒಬ್ಬ ನಿವೃತ್ತ ನರ್ಸ್, ಜೆಪ್ಪು, ಮಂಗಳೂರು